ಮುದಿ ವಾಲ್ವಿನ ಜೋಡಿ

ಅರವತ್ತೆರಡನೆಯ ಇಸವಿ, ಬಿಳಿಜೋಳದ ಸುಗ್ಗಿ. ಕಣದಲ್ಲಿ ರಾಶಿ ಬಿದ್ದು, ಹಗಲು ಬಿಸಿಲು ಚುರುಗುಟ್ಟಿ, ಸಂಜೆಯಾದರೆ ಮತ್ತೆ ಕಂಬಳಿ ಹುಡುಕುವ ದಿನಗಳು. ತಿಕೋಟಾದ ಬಯಲಿನಲ್ಲಿ ಚಂದ್ರಾಬಾಯಿಯ ನಾಟಕ ಕಂಪನಿ ಡೇರೆ ಹಾಕಿತ್ತು. ದೀಪ ಹೊತ್ತಿಸುವ ಹೊತ್ತಿಗೆ ಈ ಸಂಗತಿ ಸುರುವಾಯಿತು.

ಡೇರೆಯ ಹಿಂದೆ ಕರೆಂಟಿನ ಇಂಜಿನ್ ಚಾಲೂ ಮಾಡಿದವನು ಅದರ ವೇಗ ಹಿಡಿದಿಡಲಿಲ್ಲ. ಬಲ್ಬುಗಳೆಲ್ಲ ಕಣ್ಣು ಕುಕ್ಕುವಷ್ಟು ಬೆಳ್ಳಗಾದವು. ರಂಗದ ಬಲಬದಿಗೆ ಕೂತು ಗಿಟಾರಿನ ತಂತಿ ಬಿಗಿಯುತ್ತಿದ್ದ ಲಾಡಲೇಸಾಬ ಎದ್ದು ಓಡುವಷ್ಟರಲ್ಲಿ, ಅವನ ಅಂಪ್ಲಿಫೈಯರ್ ಪೆಟ್ಟಿಗೆಯಲ್ಲಿ ದನಿ ಹಿಗ್ಗಿಸುವ, ಬಲ್ಬಿನಂಥ ಎರಡು ದೊಡ್ಡ ವಾಲ್ವುಗಳ ಒಳತಗಡು ಕೆಂಡವಾಗಿ, ಗಾಜಿನೊಳಗೆ ನೀಲಿ ಮಿಂಚು ಆಡಿ, ಸುಟ್ಟ ವಾಸನೆ ಹೊಡೆದು, ಸ್ಪೀಕರು ಮೂಕಾಯಿತು.

ಎಡಬದಿಯಲ್ಲಿ ಕಾಲಪೇಟಿಯ, ಅಂದರೆ ಕಾಲಲ್ಲಿ ತುಳಿದು ನುಡಿಸುವ ಹಾರ್ಮೋನಿಯಮ್ಮಿನ, ಮುಂದೆ ಕೂತಿದ್ದ ಸಾಬಣ್ಣ ಮಾಸ್ತರ ಏಳಲಿಲ್ಲ. ಪೇಟಿಯ ಮೇಲಿನ ಧೂಳನ್ನು ಹೆಗಲ ವಸ್ತ್ರದಿಂದ ನಿಧಾನವಾಗಿ ಒರೆಸಿದ. ಹೊಟ್ಟೆಯೊಳಗೆ ಹಬ್ಬದ ಊಟ ಉಂಡಷ್ಟು ತಂಪಾಗಿತ್ತು.

ಚಂದ್ರಾಬಾಯಿ ಪರಕಾರ ಉಡುವ ವಯಸ್ಸಿನಲ್ಲಿದ್ದಾಗಿನಿಂದ ಅವಳ ಕೊರಳು ತಿದ್ದಿದವನು ಸಾಬಣ್ಣ. ಈಗ ಅವಳು ಮೂವತ್ತು ದಾಟಿದ ಹೆಂಗಸು, ಕಂಪನಿಯ ಒಡತಿ. ಪ್ರತಿ ಹಾಡಿಗೆ ಮೊದಲು ಅವಳು ಕತ್ತು ಎಡಕ್ಕೆ ಹೊರಳಿಸುತ್ತಿದ್ದಳು. ಸಾಬಣ್ಣ ಕಾಲಲ್ಲಿ ಗಾಳಿ ತುಂಬಿ ಸುರ ಒತ್ತುತ್ತಿದ್ದ. ಅವಳು ಅದನ್ನು ಎತ್ತಿಕೊಂಡು ಹಾಡುತ್ತಿದ್ದಳು. ನೋಡುವವರಿಗೆ ಇದು ಕಣ್ಣಿಗೆ ಬೀಳುವ ಮಾತೇ ಅಲ್ಲ. ಆದರೆ ಹೆಂಡತಿ ತೀರಿದ ಮೇಲೆ ಬೇರೆ ಮನೆ ಮಾಡದ ಸಾಬಣ್ಣನಿಗೆ ಸಂಸಾರವೆಂದು ಇದ್ದದ್ದು ಆ ಒಂದು ನೋಟವೇ.

ದೀಪಾವಳಿ ಮುಗಿದ ಮೇಲೆ ಇಬ್ರಾಹಿಂಪುರದ ಲಾಡಲೇಸಾಬ ಕಂಪನಿ ಸೇರಿದ. ರೈಲ್ವೆಯ ಗಾರ್ಡೊಬ್ಬನ ಹತ್ತಿರ ಕಲಿತ ಗಿಟಾರು. ಅದನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ಎಡಗೈಯಲ್ಲಿ ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸಿದರೆ ದನಿ ಎಣ್ಣೆಯಂತೆ ಹರಿಯುತ್ತಿತ್ತು. ಪೇಟಿಯಲ್ಲಿ ಸುರದ ಒಂದು ಮನೆಯಿಂದ ಇನ್ನೊಂದು ಮನೆಗೆ ಜಿಗಿಯಬೇಕು. ಅವನು ನಡುವಿನ ಓಣಿಯಲ್ಲೆಲ್ಲ ಅಡ್ಡಾಡುತ್ತಿದ್ದ. ಸಂಕ್ರಾಂತಿಯ ಹೊತ್ತಿಗೆ ಚಂದ್ರಾಬಾಯಿಯ ಕತ್ತು ಬಲಕ್ಕೆ ಹೊರಳತೊಡಗಿತು.

ವಾಲ್ವು ಸುಟ್ಟ ಅಂದು ಗಿಟಾರಿಲ್ಲದೆ ಆಟ ನಡೆಯಿತು. ಹಾಡಿಗೆ ಮೊದಲು ಚಂದ್ರಾಬಾಯಿ ಎಡಕ್ಕೆ ನೋಡಿದ್ದು ನಿಜ. ಆದರೆ ಅದಕ್ಕೂ ಮೊದಲು ಬಲಕ್ಕೆ ನೋಡಿದಳು, ಮೂಕ ಪೆಟ್ಟಿಗೆ ಕಂಡಳು, ಆಮೇಲೆ ಇತ್ತ ತಿರುಗಿದಳು. ಸಾಬಣ್ಣ ಸುರ ಕೊಟ್ಟ. ಉಂಡ ಹಬ್ಬದೂಟ ಹೊಟ್ಟೆಯಲ್ಲಿ ಕಲ್ಲಾಯಿತು.

ಬೆಳಿಗ್ಗೆ ಚಹಾ ಕುಡಿಯುವಾಗ ಲಾಡಲೇಸಾಬ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತ.

"ಮಾಸ್ತರ, ವಿಜಾಪುರಕ್ಕ ನೀವ ಹೋಗಿ ಬರ್ರಿ. ಪೆಟಗಿ ಒಳಗ ತಂತೀನೂ ಸುಟ್ಟಾವ, ನಾ ಕುಂತು ಬೆಸಿಬೇಕು. ಎರಡು ವಾಲ್ವ ತರಬೇಕ್ರಿ, ಅವಳಿ ಇದ್ದಂಗ ಇರಬೇಕು. ರೇಡಿಯೋ ಅಂಗಡಿ ಖಂಡಪ್ಪನ ಮೀಟರ ಸತ್ತೈತೋ ಬದುಕೈತೋ ಅಷ್ಟ ಹೇಳತೈತಿ. ಜೋಡಿ ಹೊಂದೂದು ಕಿವಿಗೇ ತಿಳೀಬೇಕು."

"ನಿನಗ ಕಿವಿ ಇಲ್ಲೇನೋ?"

"ಅದಾವ್ರಿ. ನಿಮ್ಮಂಥಾವಲ್ಲ."

ಸಾಬಣ್ಣ ಬಸಿಯಲ್ಲಿ ಉಳಿದ ಚಹಾ ನೆಲಕ್ಕೆ ಚೆಲ್ಲಿದ. ಹೊಗಳಿಕೆಯೂ ಉಪ್ಪಿನಂತೆ, ಬಿದ್ದಲ್ಲಿ ಗಾಯವಿದ್ದರೆ ಉರಿಯುತ್ತದೆ.

ಕೂದಲು ಹಿಕ್ಕಿಕೊಳ್ಳುತ್ತಿದ್ದ ಚಂದ್ರಾಬಾಯಿ ಡೇರೆಯ ಪರದೆ ಸರಿಸಿ ಹೇಳಿದಳು: "ಹೋಗಿ ಬರ್ರಿ ಮಾಸ್ತರ. ನಾಳಿ ಸಾಮಾನು ಬಬಲೇಶ್ವರಕ್ಕ ಹೊಂಡತಾವ. ಅಲ್ಲಿ ಮೊದಲನೇ ಆಟಕ್ಕ ಗಿಟಾರ ಇರಬೇಕು. ಅದಿಲ್ಲದ ನಿನ್ನಿ ನನಗ ಬರಿಗಾಲಿಲೆ ನಡದಂಗಾತು."

"ಇಷ್ಟು ವರ್ಷ ಬರಿಗಾಲಿಲೇ ನಡದಿ ಏನವಾ ಹಂಗಾದ್ರ?"

"ನಡದೆ. ಕಾಲಿಗೆ ಕೆರ ಬಂದ ಮ್ಯಾಲ ಬರಿಗಾಲು ಗೊತ್ತಾಗತೈತಿ," ಎಂದು ನಕ್ಕು ಪರದೆ ಬಿಟ್ಟಳು. ನಗೆಯಲ್ಲಿ ವಿಷವೇನೂ ಇರಲಿಲ್ಲ. ಇದ್ದಿದ್ದರೆ ಸಾಬಣ್ಣನಿಗೆ ಸಲೀಸಾಗುತ್ತಿತ್ತು.

ಖಂಡಪ್ಪನ ರೇಡಿಯೋ ದುರಸ್ತಿಯ ಅಂಗಡಿ ವಿಜಾಪುರದ ಪೇಟೆಯ ಒಂದು ಸಂದಿಯಲ್ಲಿತ್ತು. ಖಂಡಪ್ಪ ಸಾಬಣ್ಣನಿಗೆ ಹಳೆಯ ಗೆಳೆಯ. ವಿಷಯ ಕೇಳಿದವನೇ ಕನ್ನಡಕ ಹಣೆಗೇರಿಸಿ ನಕ್ಕ.

"ಪೇಟಿ ಮಾಸ್ತರ ಗಿಟಾರಿಗೆ ವಾಲ್ವ ಆರಸಾಕ ಬಂದಾನ. ಸವತಿಗೆ ಸೀರಿ ಆರಿಸಿದಂಗಾತಲ್ಲೋ. ಬಣ್ಣ ಚಂದ ನೋಡಿ ಆರಸಪಾ."

"ಬಾಯಿ ಮುಚ್ಚಿ ಡಬ್ಬಿ ತಗಿ."

ಖಂಡಪ್ಪ ಬಿಸ್ಕೀಟಿನ ಡಬ್ಬಿ ತೆರೆದ. ಅರಳೆಯಲ್ಲಿ ಸುತ್ತಿದ ವಾಲ್ವುಗಳು ಗೂಡಿನ ಮೊಟ್ಟೆಗಳಂತೆ ಮಲಗಿದ್ದವು. ಪರೀಕ್ಷೆಗೆಂದೇ ಮೇಜಿನ ಮೇಲೆ ಒಂದು ಬಿಚ್ಚಿದ ಅಂಪ್ಲಿಫೈಯರ್ ಇಟ್ಟಿದ್ದ. ಅದರಲ್ಲಿ ಎರಡೆರಡೇ ವಾಲ್ವು ಸಿಕ್ಕಿಸಿ, ಕಾಯಲು ಬಿಟ್ಟು, ಸ್ಪೀಕರಿಗೆ ಕಿವಿ ಇಡಬೇಕು. ಜೋಡಿ ಹೊಂದಿದ್ದರೆ ಒಂದರ ಗುಂಯ್‌ಗುಡುವಿಕೆಯನ್ನು ಇನ್ನೊಂದು ನುಂಗಿ ಸ್ಪೀಕರು ತಣ್ಣಗಿರುತ್ತದೆ. ಹೊಂದದಿದ್ದರೆ ದುಂಬಿ ಹೊಕ್ಕಂತೆ. ಇದು ಸಾಬಣ್ಣನಿಗೆ ಹೊಸದಲ್ಲ. ಪೇಟಿಯಲ್ಲಿ ಒಂದು ಮನೆಗೆ ಎರಡು ಹಿತ್ತಾಳೆಯ ರೀಡು, ಗಾಳಿಗೆ ನುಡಿಯುವ ನಾಲಗೆಗಳು. ಅರದಿಂದ ಕೂದಲಷ್ಟು ಉಜ್ಜಿ ಎರಡನ್ನೂ ಒಂದೇ ಉಸಿರಿಗೆ ತರುವುದು ಅವನ ನಿತ್ಯದ ಕೆಲಸ.

ಮೊದಲು ಹೊಸ ಜೋಡಿ ಹಾಕಿದರು. ಕಾದ ಮೇಲೆ ಸ್ಪೀಕರು ಎಷ್ಟು ಸುಮ್ಮನಾಯಿತೆಂದರೆ ತಗಡಿನ ಮೇಲೆ ಗುಬ್ಬಿ ನಡೆದದ್ದು ಕೇಳಿಸಿತು. ಖಂಡಪ್ಪ ದನಿ ಒಳಹೋಗುವ ತಂತಿಯ ತುದಿಗೆ ಬೆರಳು ತಾಗಿಸಿದ. ಸ್ಪೀಕರು ಗುಡುಗಿ ಅಂಗಡಿಯ ಗಾಜು ನಡುಗಿತು.

"ಇದನ್ನ ಒಯ್ಯಿ. ಕುದರಿ ಇದ್ದಂಗ ಅದಾವ."

ಸಾಬಣ್ಣ ಅವುಗಳನ್ನು ಬಿಚ್ಚಿ ಅರಳೆಯಲ್ಲಿ ಸುತ್ತಿ ಡಬ್ಬಿಗೇ ಇಟ್ಟ. ಈ ಕುದುರೆಗಳ ಸದ್ದಿನ ಮುಂದೆ ತನ್ನ ಪೇಟಿ ಎಲ್ಲಿ ಕೇಳೀತು? ಒಂದು ಹೊಸದು, ಒಂದು ಹಳೆಯದು ತೆಗೆದು ಸಿಕ್ಕಿಸಿದ. ಸ್ಪೀಕರು ಗುಂಯ್ ಎಂದು ಕೊಸರಾಡಿತು. ಇದನ್ನೇ ಒಯ್ದರೆ ಮುಗಿಯಿತು, ಚಂದ್ರಾಬಾಯಿಯೇ ಪೆಟ್ಟಿಗೆ ಹೊರಗೆ ಹಾಕಿಸುತ್ತಾಳೆ ಎಂದುಕೊಂಡ. ಆದರೆ ಆ ಹೊಂದದ ಗುಂಯ್‌ಗುಡುವಿಕೆ ಹಲ್ಲಿನ ಸಂದಿಗೆ ಮರಳು ಸಿಕ್ಕಂತಾಯಿತು. ದಿನವೂ ಅದರ ಎದುರು ತಾನೇ ಕೂರಬೇಕಲ್ಲ. ಎರಡು ಸಲ ಕೈ ಹೋಯಿತು, ಎರಡು ಸಲವೂ ಹಿಂದೆ ಬಂತು.

ಡಬ್ಬಿಯ ತಳದಲ್ಲಿ ಮಸಿ ಹಿಡಿದ ಎರಡು ಇದ್ದವು.

"ಅವು ಟಾಕೀಜಿನ ಮಷೀನದಾಗ ದುಡದು ದುಡದು ಮುದುಕ ಆಗ್ಯಾವ. ಅವನ್ಯಾಕ ತಗಿತಿ?"

ಸಾಬಣ್ಣ ಹಾಕಿ ನೋಡಿದ. ಒಂದೇ ಮಷೀನಿನಲ್ಲಿ ಒಟ್ಟಿಗೆ ದುಡಿದು ಒಟ್ಟಿಗೆ ಸವೆದವು, ಸ್ಪೀಕರು ತಣ್ಣಗಿತ್ತು. ಬೆರಳು ತಾಗಿಸಿದರೆ ಗಾಜು ನಡುಗಲಿಲ್ಲ. ಬಲವಿಲ್ಲ, ಆದರೆ ಜೋಡಿಯಲ್ಲಿ ಕೂದಲಷ್ಟೂ ಬಿರುಕಿಲ್ಲ. ಅವನ ಕಿವಿಯೂ ಒಪ್ಪಿತು, ಹೊಟ್ಟೆಕಿಚ್ಚೂ ಒಪ್ಪಿತು.

"ಇವನ್ನ ಕಟ್ಟು."

"ಹುಚ್ಚೇನೋ ನಿನಗ? ಜೋರ ಬಾರಿಸಿದ್ರ ದನಿ ಒಡೀತೈತಿ."

"ಒಡೀಲಿ. ಕಟ್ಟು ಅಂದ್ರ ಕಟ್ಟು."

ಖಂಡಪ್ಪ ಗೆಳೆಯನ ಮುಖವನ್ನು ಒಂದು ಗಳಿಗೆ ನೋಡಿದ. ವಾಲ್ವುಗಳ ಮಸಿ ಒರೆಸಿ ಕಾಗದದಲ್ಲಿ ಸುತ್ತಿ ಕೊಟ್ಟ.

ಬಬಲೇಶ್ವರದಲ್ಲಿ ಡೇರೆ ಎದ್ದ ಮಧ್ಯಾಹ್ನ ತಾಲೀಮು. ಲಾಡಲೇಸಾಬ ವಾಲ್ವು ಸಿಕ್ಕಿಸಿ, ಕಾಯಲು ಬಿಟ್ಟು, ತಂತಿ ಮೀಟಿದ. ಹುಬ್ಬು ಗಂಟಾಯಿತು.

"ದನಿ ಒಂದೀಟು ಸಣ್ಣ ಆದಂಗೈತಿ, ಮಾಸ್ತರ."

"ಹೊಸಾವ ಅಲ್ಲೇನೋ. ಹದಕ್ಕ ಬರಬೇಕು," ಎಂದ ಸಾಬಣ್ಣ, ಪೇಟಿಯ ಕಡೆ ನೋಡುತ್ತ.

ಲಾಡಲೇಸಾಬ ದನಿಯ ಗುಂಡಿಯನ್ನು ಕೊನೆಯವರೆಗೂ ತಿರುವಿ ಮತ್ತೆ ಮೀಟಿದ. ದನಿ ದೊಡ್ಡದಾಗಲಿಲ್ಲ. ಏರುವ ಕಡೆ ಏರಲಾರದೆ ಒಡೆಯಿತು. ಬಹಳ ಹೊತ್ತು ಅತ್ತ ಹೆಂಗಸು ಮಾತಾಡಲು ಹೋದಾಗ ಗಂಟಲು ಹಿಡಿಯುತ್ತದಲ್ಲ, ಹಾಗೆ. ಉಕ್ಕಿನ ತುಂಡು ಕೆಳಗೆ ಜಾರಿದಾಗ ಅದು ಬಿಕ್ಕಿತು, ತಡೆಯಿತು, ಮತ್ತೆ ಹರಿಯಿತು.

ಡೇರೆಯೊಳಗೆ ಗೂಟ ಬಡಿಯುತ್ತಿದ್ದವರು ಕೈ ನಿಲ್ಲಿಸಿದರು. ಚಂದ್ರಾಬಾಯಿ ಅರ್ಧ ಉಟ್ಟ ಸೆರಗು ಹಿಡಿದುಕೊಂಡೇ ಹೊರಗೆ ಬಂದಳು.

"ಇನ್ನೊಮ್ಮಿ ಬಾರಸು ಲಾಡಲೇ."

ಅವನು ಬಾರಿಸಿದ. ಅವಳು ನಿಂತಲ್ಲೇ ಹಾಡಿದಳು. ಸಾಬಣ್ಣ ಕಲಿಸಿದ ಹಾಡು ಅದು. ಅವನು ಎಷ್ಟು ವರ್ಷ ಬೈದರೂ ಬಾರದಿದ್ದ ಒಂದು ತಿರುವಿತ್ತು ಅದರಲ್ಲಿ, ಕೊರಳು ಒಡೆದೂ ಒಡೆಯದಂತೆ ದಾಟಬೇಕಾದ ಜಾಗ. ಅವಳು ಗಿಟಾರಿನ ಹೆಜ್ಜೆ ಹಿಡಿದು ಅದನ್ನು ದಾಟಿಬಿಟ್ಟಳು. ಹಾಡು ಮುಗಿದ ಮೇಲೂ ಅವಳ ಕತ್ತು ಬಲಕ್ಕೇ ಇತ್ತು.

ಅಂದಿನ ಆಟಕ್ಕೆ ಜೈನಾಪುರದಿಂದೆಲ್ಲ ಚಕ್ಕಡಿ ಕಟ್ಟಿಕೊಂಡು ಜನ ಬಂದಿದ್ದರು. ಆ ಹಾಡನ್ನು ಮೂರು ಸಲ ಹಾಡಿಸಿದರು. ಹೆಂಗಸರ ಕಡೆ ಮೂಗೊರೆಸುವ ಸಪ್ಪಳ ಕೇಳುತ್ತಿತ್ತು. ಸಾಬಣ್ಣ ಪೇಟಿ ಒತ್ತುತ್ತಿದ್ದ. ನಡುವೆ ಒಮ್ಮೆ ಕೈ ತೆಗೆದು ನೋಡಿದ. ಯಾರೂ ತಿರುಗಿ ನೋಡಲಿಲ್ಲ.

ಮರುದಿನ ಲಾಡಲೇಸಾಬ ಎಲ್ಲರೆದುರು ಸಾಬಣ್ಣನ ಕಾಲು ಮುಟ್ಟಿದ. "ಇಂಥಾವು ಹೆಂಗ ಹುಡಕಿದ್ರಿ ಮಾಸ್ತರ? ನಾ ಹೋಗಿದ್ರ ಜೋರ ಇದ್ದಾವ ತರತಿದ್ದೆ. ಇವು ಹೋದ್ರ ಮತ್ತ ನೀವ ಆರಿಸಿ ಕೊಡ್ರಿ. ಇನ್ನ ಮ್ಯಾಲ ಈ ಕೆಲಸ ನಿಮ್ಮದ."

ಊಟದ ಹೊತ್ತಿಗೆ ಚಂದ್ರಾಬಾಯಿ ತಾನೇ ತಾಟು ತಂದಿಟ್ಟಳು. ರೊಟ್ಟಿಯ ಮೇಲೆ ಬೆಣ್ಣೆ ಇತ್ತು.

"ನನ್ನ ಕೊರಳಿಗೆ ಏನ ಬೇಕು ಅನ್ನೂದು ನಿಮಗಷ್ಟ ಗೊತ್ತು, ಮಾಸ್ತರ. ನನಗೂ ಗೊತ್ತಿರಲಿಲ್ಲ."

ಸಾಬಣ್ಣ ರೊಟ್ಟಿ ಮುರಿಯಲಿಲ್ಲ. ಮಾಡಿದ್ದು ಹೊರಬಿದ್ದರೆ ನಾಚಿಕೆ, ನಿಜ. ಆದರೆ ತನ್ನ ಕೈಯಿಂದಲೇ ಅವಳನ್ನು ಲಾಡಲೇಸಾಬನ ಕಡೆ ದಾಟಿಸಿ, ಅದಕ್ಕೆ ಬೆಣ್ಣೆ ತಿನ್ನುವುದು ಅದಕ್ಕಿಂತ ಕಷ್ಟ. ಅವಳ ಸಂತೋಷಕ್ಕೆ ಒಂದು ಹಿಡಿ ಮಣ್ಣಾದರೂ ಬೀಳಲಿ ಎನಿಸಿತು.

"ಅವು ಸವದ ವಾಲ್ವ, ಚಂದ್ರಾ. ಟಾಕೀಜಿನಾಗ ತಗದು ಒಗದಿದ್ದು. ಚೊಲೋ ಜೋಡಿ ಕೈಯಾಗ ಹಿಡದು ಮತ್ತ ಡಬ್ಬಿಗೆ ಇಟ್ಟು ಬಂದೆ. ಅವನ ದನಿ ಅಡಗಲಿ ಅಂತ ತಂದೆ."

ಚಂದ್ರಾಬಾಯಿ ಸಿಟ್ಟಾಗುತ್ತಾಳೆ ಎಂದು ಸಾಬಣ್ಣ ಕಾದ. ಅವಳು ತಾಟಿನ ಅಂಚಿಗೆ ಕೂತ ನೊಣ ಹೊಡೆದಳು.

"ಅಡಗಲಿ ಅನ್ನಾವರು ಹೊಂದಲಾರದ ಜೋಡಿ ತರಬೇಕಿತ್ತು."

"ತಗೊಂಡಿದ್ದೆ. ಕಿವಿ ಒಪ್ಪಲಿಲ್ಲ."

"ಕೆಟ್ಟದ್ದು ಮಾಡಾಕ ಹೋದ್ರೂ ನಿಮಗ ಸುರ ತಪ್ಪಿಸಾಕ ಬರೂದಿಲ್ಲ," ಎಂದಳು. ದನಿಯಲ್ಲಿ ನಗು ಇತ್ತೋ, ಕರುಣೆ ಇತ್ತೋ. "ಉಣ್ರಿ. ಲಾಡಲೇಗ ನಾ ಹೇಳೂದಿಲ್ಲ. ಸಂಜಿಗೆ ನಾಂದಿ ಹಾಡಿಗೆ ಪೇಟಿ ಇರಲಿ. ಕಡೀ ಹಾಡಿಗೆ ಗಿಟಾರ ಅಷ್ಟ ಸಾಕು. ನೀವೂ ಕೇಳಾಕ ಕುಂಡ್ರರಿ."

ಅವಳು ಬೈದಿದ್ದರೆ ಉಳಿಯುತ್ತಿದ್ದ. ಹೊರಗೆ ಹಾಕಿದ್ದರೆ ಬಾಗಿಲಲ್ಲಿ ಕೂತು ಬೇಡಿಕೊಳ್ಳುತ್ತಿದ್ದನೇನೋ. ಕೇಳಲು ಕೂರು ಅಂದಳು.

ಸಂಜೆ ನಾಂದಿ ಹಾಡಿಗೆ ಸುರ ಕೊಟ್ಟ. ಕೊನೆಯ ಹಾಡಿಗೆ ಡೇರೆಯ ಹೊರಗೆ ಇಂಜಿನ್ನಿನ ಪಕ್ಕ ನಿಂತ, ಅದರ ಸಪ್ಪಳದಲ್ಲಿ ಏನೂ ಕೇಳಬಾರದೆಂದು. ಆದರೂ ಕೇಳಿತು.

ನಸುಕಿನಲ್ಲಿ ಎದ್ದ. ಕಾಲಪೇಟಿ ಕಂಪನಿಯದು, ಅದನ್ನು ಮುಚ್ಚಿ, ಮೇಲೆ ಬಟ್ಟೆ ಹೊದಿಸಿ ಬಿಟ್ಟ. ಹಾಸಿಗೆ ಸುರುಳಿ ಸುತ್ತಿಕೊಂಡ. ಯಾರಿಗೂ ಹೇಳಲಿಲ್ಲ, ಯಾರೂ ಎದ್ದಿರಲಿಲ್ಲ. ಬಬಲೇಶ್ವರದಿಂದ ಮೊದಲ ಬಸ್ಸಿಗೆ ಸಾಬಣ್ಣ ಮಾಸ್ತರ ಕಂಪನಿ ಬಿಟ್ಟು ಹೋದ. ಅಂದು ಹೋಳಿ ಹುಣ್ಣಿಮೆಯ ಹಿಂದಿನ ಬುಧವಾರ.