ಪಾಪನಿವೇದನೆಯ ಸಾಲು

ಲೂರ್ದುಮೇರಿ ಪಲ್ಲಾವರದಿಂದ ಅಣ್ಣಾ ನಗರದ ಚರ್ಚಿನ ತನಕ ಬಂದದ್ದು ಬರೀ ಪಾಪನಿವೇದನೆಗೆ. ತಮ್ಮ ಚರ್ಚಿನ ಫಾದರ್‌ಗೆ ಅವಳ ದನಿ ಗೊತ್ತು. ಆರು ವರ್ಷದ ಹಿಂದೆ ಅಮ್ಮನನ್ನು ಮಣ್ಣು ಮಾಡಿಸಿದವರೂ ಅವರೇ. ಅವರೆದುರು ಆ ಮಾತು ಗಂಟಲು ದಾಟುತ್ತಿರಲಿಲ್ಲ. ಈಸ್ಟರಿಗೆ ಮೂರೇ ದಿನ. ಹೇಳಿಕೊಳ್ಳದೆ ಪರಮಪ್ರಸಾದಕ್ಕೆ ನಾಲಿಗೆ ಚಾಚುವುದು ಹೇಗೆ?

ಹಾಳು ಸಾಲು ಜರುಗುತ್ತಲೇ ಇರಲಿಲ್ಲ. ಅಮ್ಮನ ಜಪಮಾಲೆ ತಿರುವಿದಳು, ಫ್ಯಾನು ನೋಡಿದಳು, ವಾಪಸ್ ಹೋಗಿಬಿಡಲೇ ಅಂದುಕೊಂಡಳು. ಅಷ್ಟರಲ್ಲಿ ಮುಂದಿದ್ದ ಹೆಂಗಸು ತಲೆಯ ಸೆರಗು ಸರಿಮಾಡಿಕೊಳ್ಳುತ್ತ ತಿರುಗಿದಳು. ಪಲ್ಲಾವರದ ಪಕ್ಕದ ಕ್ರೋಂಪೇಟೆಯಲ್ಲಿರುವ ತಂಗಿ ಜೆಸಿಂತಾ! ಅಮ್ಮ ಹೋದ ದಿನದಿಂದ ಮಾತು ಬಿಟ್ಟವಳು.

"ಅಕ್ಕಾ, ನೀನಾ? ಇಷ್ಟು ದೂರ?"

ಫಾದರ್‌ಗೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಅಲ್ಲೇ ಬಾಯಿಂದ ಜಾರಿತು.

"ನೀನು ದಾರೀಲಿದ್ದೀಯ ಅಂತ ಗೊತ್ತಿದ್ದೇ ಅವತ್ತು ಶವಪೆಟ್ಟಿಗೆ ಮುಚ್ಚಿಸ್ದೆ ಕಣೇ. ಅಮ್ಮನ ಹೇಲು-ಉಚ್ಚೆ ಬಳಿದವಳು ನಾನು, ಕೊನೇಲಿ ಮುತ್ತಿಡೋಕೆ ನೀನು ಬರ್ತೀಯ ಅನ್ನೋ ಹೊಟ್ಟೆಕಿಚ್ಚಿಗೆ."

"ನಗರುಂಗಮ್ಮಾ," ಹಿಂದಿನವರು ಮುಂದೆ ಸರಿಯಲು ಅವಸರಪಡಿಸಿದರು. ಇಬ್ಬರೂ ಕದಲಲಿಲ್ಲ. ಜೆಸಿಂತಾ ಜಪಮಾಲೆಯ ಇನ್ನೊಂದು ತುದಿ ಹಿಡಿದುಕೊಂಡಳು.

"ಅವತ್ತೇ ಗೊತ್ತಾಯ್ತಕ್ಕಾ. ನಿನ್ನ ಕ್ಷಮಿಸೋಕಾಗ್ತಿಲ್ಲ ಅಂತ ಹೇಳ್ಕೊಳ್ಳೋಕೇ ನಾನೂ ಇಲ್ಲಿಗೆ ಬಂದಿದ್ದು."