ಗೇಟು ಬಿದ್ದಿದೆ

ರೈಲ್ವೆ ಗೇಟಿನ ಪಕ್ಕದ ಆ ಬೀದಿಯಲ್ಲಿ ಯಾವ ಕೆಲಸ ನಿಂತರೂ ‘ಗೇಟು ಬಿತ್ತು’ ಎನ್ನುವುದು ರೂಢಿ. ಕರೆಂಟು ಹೋದರೆ ಗೇಟು ಬಿತ್ತು. ಮದುವೆ ಮಾತು ಮುರಿದರೂ ಗೇಟು ಬಿತ್ತು. ಗೇಟಿನ ಹತ್ತಿರವೇ ಅಂಗಡಿ ಇಟ್ಟಿರುವ ಟೈಲರ್ ಎದುರಿಗೆ ಮಾತ್ರ ಯಾರೂ ಹಾಗೆ ಹೇಳುವುದಿಲ್ಲ. ಎರಡು ವರ್ಷದ ಹಿಂದೆ, ಎದೆನೋವೆಂದ ಅವರ ಹೆಂಡತಿಯನ್ನು ಆಸ್ಪತ್ರೆಗೆ ಒಯ್ಯುತ್ತಿದ್ದ ಆಂಬುಲೆನ್ಸ್ ಆ ಗೇಟಿನ ಮುಂದೆ ನಿಂತಿತು. ಗೂಡ್ಸ್ ರೈಲು ದಾಟುವಷ್ಟರಲ್ಲಿ ಆಕೆಯ ಉಸಿರು ನಿಂತಿತ್ತು. ಹಳಿಯ ಆಚೆ ಆಸ್ಪತ್ರೆಯ ಬೋರ್ಡು ಕಾಣುತ್ತಿತ್ತು.

ಈಗ ಮಗಳು ಬಸುರಿ. ಆಸ್ಪತ್ರೆ ಆಚೆಯೇ ಇದೆ, ಗೇಟೂ ಇದೆ.

ಚುನಾವಣೆ ಹತ್ತಿರ ಬಂದಾಗ ನಾದಿನಿ ಅಂಗಡಿಗೆ ಬಂದಳು. ತೀರಿಹೋದಾಕೆಯ ತಂಗಿ, ಅದೇ ಆಸ್ಪತ್ರೆಯಲ್ಲಿ ನರ್ಸ್.

“ಭಾವ, ವೋಟಿಗೆ ಹೋಗ್ತೀರಿ ತಾನೆ?”

“ಪುರಸಭೆಗಾದ್ರೆ ಹೋಗ್ತೀನಿ. ಇದು ಸಂಸತ್ತಿಂದು. ಕ್ಷೇತ್ರಕ್ಕೆ ಪಕ್ಕದೂರಿನ ಹೆಸರು. ನಮಗೂ ಅದಕ್ಕೂ ಏನಮ್ಮ ಸಂಬಂಧ?”

“ಅಂಗಿಗೆ ಲೇಬಲ್ ಎಲ್ಲಿ ಹೊಲೀತೀರಿ?”

“ಕಾಲರಿಗೆ.”

“ಹಾಗಂತ ತೋಳು ಅಂಗಿದಲ್ವಾ?”

ಟೈಲರ್ ಮಿಷನ್ ನಿಲ್ಲಿಸಿದರು. “ನಿನ್ನ ಬಾಯಿಗೊಂದು ಜಿಪ್ ಹಾಕ್ಬೇಕು ನೋಡು.”

“ಹಾಕಿ, ನಾನು ಹೇಳಿ ಮುಗಿಸಿದ್ಮೇಲೆ. ಅಕ್ಕ ಹೋದ್ಮೇಲೆ ಕೆಳಸೇತುವೆ ಬೇಕು ಅಂತ ಯಾರ ಹತ್ರ ಹೋದ್ರಿ?”

“ನಮ್ಮ ವಾರ್ಡ್ ಮೆಂಬರ್ ಹತ್ರ. ಹಳಿ ಆಚೆ ನಂದಲ್ಲ ಅಂದ. ಆಚೆಯವನು ಈಚೆ ನಂದಲ್ಲ ಅಂದ.”

“ಇಬ್ಬರೂ ಸುಳ್ಳು ಹೇಳ್ಲಿಲ್ಲ. ಹಳಿ ವಾರ್ಡಿನ ಗಡಿ. ಸಂಸತ್ತಿನ ಕ್ಷೇತ್ರ ಹಳಿ ದಾಟಿ ಪಕ್ಕದೂರಿನವರೆಗೂ ಹೋಗುತ್ತೆ. ಆಚೆಯವರು, ಈಚೆಯವರು ಸೇರಿ ಕಳಿಸೋದು ಒಬ್ಬರನ್ನೇ. ರೈಲು ಕೇಂದ್ರ ಸರ್ಕಾರದ್ದು. ಲೋಕಸಭೆಯಲ್ಲಿ ಎದ್ದು ನಿಂತು ರೈಲ್ವೆ ಮಂತ್ರಿಯನ್ನ ಕೇಳೋ ಹಕ್ಕು ಆ ಸಂಸದರಿಗಿದೆ. ನೀವು ತಟ್ಟಿದ್ದು ಬೇರೆ ಬಾಗಿಲು, ಭಾವ.”

“ಕೇಳಿದ್ರೆ ನನ್ನ ಮಗಳ ಹೆರಿಗೆ ಹೊತ್ತಿಗೆ ಸೇತುವೆ ಬರುತ್ತಾ?”

“ಇಲ್ಲ.” ಆಕೆ ಸುತ್ತಿ ಬಳಸಲಿಲ್ಲ. “ದಿನ ತುಂಬೋಕೆ ಮುಂಚೆ ಅವಳನ್ನ ಆಚೆ ನನ್ನ ಮನೆಗೆ ಕಳ್ಸಿ. ಆದ್ರೆ ಈ ಬೀದೀಲಿ ಎಲ್ಲರಿಗೂ ಹಳಿ ಆಚೆ ಚಿಕ್ಕಮ್ಮ ಇರಲ್ಲ.”

ಟೈಲರ್ ಮತ್ತೆ ಮಿಷನ್ ತುಳಿಯತೊಡಗಿದರು.

ಆ ವಾರವೇ ಒಬ್ಬ ಅಭ್ಯರ್ಥಿಯ ಕಾರು ಮುಚ್ಚಿದ ಗೇಟಿನ ಮುಂದೆ ಸಿಕ್ಕಿಬಿತ್ತು. ಕೊರಳಲ್ಲಿ ಟೇಪು ನೇತಾಡುತ್ತಿದ್ದ ಹಾಗೇ ಟೈಲರ್ ಅಂಗಡಿಯಿಂದ ಇಳಿದು ಬಂದರು.

“ಗೇಟು ಬಿದ್ದಿದೆ ಸಾರ್.”

ಅವರ ಬಾಯಲ್ಲಿ ಆ ಮಾತು ಕೇಳಿ ಬೀದಿಯವರೆಲ್ಲ ಹತ್ತಿರ ಬಂದರು.

“ನನ್ನ ಹೆಂಡತಿ ಉಸಿರು ಬಿಟ್ಟಿದ್ದು ನಿಮ್ಮ ಕಾರು ನಿಂತಿರೋ ಜಾಗದಲ್ಲೇ.”

ಅಭ್ಯರ್ಥಿ ಕೆಳಗಿಳಿದರು. “ಪುರಸಭೆಯವರಿಗೆ ಹೇಳ್ತೀನಿ.”

“ಅವರಿಗೆ ನಾನೇ ಹೇಳಿ ಸಾಕಾಗಿದೆ. ಇದು ಅವರದಲ್ಲ, ನೀವು ಕೇಳ್ತಿರೋ ಕುರ್ಚಿಯ ಕೆಲಸ. ಗೆದ್ರೆ ಸಂಸತ್ತಲ್ಲಿ ಎದ್ದು ಕೇಳ್ತೀರಾ? ಉಳಿದವರು ಬಂದಾಗಲೂ ಇದನ್ನೇ ಕೇಳ್ತೀನಿ.”

“ಕೇಳ್ತೀನಿ.”

“ಎಲ್ರಿಗೂ ಕೇಳಿಸ್ತಾ?” ಟೈಲರ್ ಕೂಗಿದರು.

“ಕೇಳಿಸ್ತು!” ಉತ್ತರ ಬಂದದ್ದು ಹಳಿಯ ಆಚೆ ಕಾಯುತ್ತಿದ್ದವರಿಂದಲೂ.

ಮತದಾನದ ದಿನ ಟೈಲರ್ ಅಂಗಡಿ ಮುಚ್ಚಿ, ಮರುದಿನ ಚಿಕ್ಕಮ್ಮನ ಮನೆಗೆ ಹೊರಡಲಿದ್ದ ಮಗಳ ಜೊತೆ ಸಾಲಿನಲ್ಲಿ ನಿಂತರು. ತುಂಬಿದ ಬಸುರಿಯನ್ನು ನೋಡಿ ಜನ ಪಕ್ಕಕ್ಕೆ ಸರಿದರು.

“ನಡಿ ಮಗಳೇ,” ಎಂದರು ಟೈಲರ್. “ಇಲ್ಲಿ ಗೇಟಿಲ್ಲ.”

ಯಾರು ಗೆದ್ದರೆಂಬುದು ಈ ಕಥೆಗೆ ಬೇಕಿಲ್ಲ. ಗೇಟು ಇನ್ನೂ ಬೀಳುತ್ತಿದೆ. ಬಿದ್ದಾಗ ಯಾರನ್ನು ಕೇಳಬೇಕೆಂದು ಮಾತ್ರ ಈಗ ಎರಡೂ ಬದಿಯವರಿಗೆ ಗೊತ್ತು.

ನಿಮ್ಮ ಮನೆ ಯಾವ ಸಂಸತ್ ಕ್ಷೇತ್ರಕ್ಕೆ ಸೇರಿದೆ? ಗೊತ್ತಿಲ್ಲದಿದ್ದರೆ ಚುನಾವಣಾ ಕಚೇರಿಯಲ್ಲಿ ವಿಚಾರಿಸಿ. ಅದಕ್ಕೆ ಯಾವ ಊರಿನ ಹೆಸರಿದ್ದರೂ ಅದು ನಿಮ್ಮದೇ ಕ್ಷೇತ್ರ. ಚರಂಡಿ, ಬೀದಿ ದೀಪಕ್ಕೆ ಪುರಸಭೆಯನ್ನು ಕೇಳಿ. ರೈಲಿನಂಥ ಕೇಂದ್ರದ ಕೆಲಸಕ್ಕೆ ಸಂಸದರನ್ನು ಕೇಳಿ. ಮತ ಹಾಕುವ ಮುಂಚೆ ಒಮ್ಮೆ ಕೇಳಿ, ಹಾಕಿದ ಮೇಲೂ ಬಿಡದೆ ಕೇಳಿ. ನಿಮ್ಮ ಬೀದಿಯಲ್ಲೂ ಆಂಬುಲೆನ್ಸಿಗಾಗಿ ಕಾಯುವವರು ಇರಬಹುದು.