ಹದಿನಾಲ್ಕನೇ ಕೊಳವೆ

ಕಲ್ಲಿದ್ದಲು ಗಣಿಯ ಸುತ್ತ ಇಪ್ಪತ್ತೆರಡು ಕೊಳವೆಗಳಿವೆ. ಅವುಗಳಿಂದ ಯಾರೂ ನೀರೆತ್ತುವುದಿಲ್ಲ. ಅಂತರ್ಜಲ ಎಷ್ಟು ಆಳದಲ್ಲಿದೆ ಎಂದು ನೋಡುವುದಕ್ಕಷ್ಟೇ ಅವನ್ನು ಕೊರೆದಿರುವುದು. ತಿಂಗಳಿಗೊಮ್ಮೆ ಒಂದೊಂದರ ಬೀಗ ತೆಗೆದು, ಟೇಪು ಇಳಿಬಿಟ್ಟು, ತುದಿ ನೀರಿಗೆ ತಾಗಿ ಪೀಂ ಎಂದ ಕೂಡಲೇ ಕೊಳವೆಯ ಬಾಯಿಯ ಕೆಂಪು ಗುರುತಿನ ಎದುರಿಗಿರುವ ಅಂಕಿಯನ್ನು ಬರೆದುಕೊಳ್ಳುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷದಿಂದ ಮಾಡುತ್ತಿದ್ದೇನೆ. ಒಂದು ಸೆಂಟಿಮೀಟರ್ ಅನುಮಾನ ಬಂದರೂ ಮತ್ತೆ ಅಳೆಯುವವನು. ಅದರ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಹದಿನಾಲ್ಕನೇ ಕೊಳವೆ ನನ್ನ ಅಕ್ಕನ ಬೀದಿಯ ಕೊನೆಯಲ್ಲಿದೆ. ಅಲ್ಲಿ ನೀರು ಸತತ ಆರು ತಿಂಗಳು ಹದಿನೆಂಟು ಮೀಟರಿಗಿಂತ ಕೆಳಗಿದ್ದರೆ ಗಣಿಯವರು ಆ ಬೀದಿಗೆ ನಲ್ಲಿ ಹಾಕಿಸಿಕೊಡಬೇಕೆಂಬುದು ಕರಾರು. ಅಕ್ಕನ ಬಾವಿ ಬತ್ತಿ ಎಂಟು ತಿಂಗಳಾಗಿತ್ತು. ನನ್ನ ಪುಸ್ತಕದಲ್ಲಿ ಮಾತ್ರ ನೀರು ಹದಿನೇಳೂವರೆಯನ್ನು ದಾಟಿರಲಿಲ್ಲ.

"ಬಾವಿ ತಳ ಕಾಣ್ತಿದೆ ಕಣೋ," ಎಂದಿದ್ದಳು ಅಕ್ಕ.

"ಹೂಳು ತುಂಬಿರ್ಬೇಕು, ತೆಗ್ಸು. ಟೇಪು ಸುಳ್ಳು ಹೇಳಲ್ಲ."

"ಹಾಗಾದ್ರೆ ನಾನು ಹೇಳ್ತಿದೀನಾ?"

ಭಾವ ಹೂಳು ತೆಗೆಸಿದರು. ಒಂದಷ್ಟು ಬುಟ್ಟಿ ಮಣ್ಣು ಬಂತು, ನೀರು ಬರಲಿಲ್ಲ. ಅರವತ್ತು ದಾಟಿದ ಅಕ್ಕ ಬೆಳಗಾದರೆ ಎರಡು ಬೀದಿ ಆಚೆಯಿಂದ ಕೊಡ ಹೊತ್ತು ತರುತ್ತಿದ್ದಳು. ನಾನು ಮನೆಗೆ ಹೋದರೆ ಭಾವನನ್ನು ಕರೆದು, "ನೋಡಿ, ಹದಿನೇಳೂವರೆ ಬಂದಿದಾನೆ," ಎನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಳೆದ ವಾರ ಆ ಕೊಳವೆಯ ಬೀಗ ತುಕ್ಕು ಹಿಡಿದು ಏನು ಮಾಡಿದರೂ ತೆರೆಯಲಿಲ್ಲ. ಗಣಿಯ ವೆಲ್ಡರನ್ನು ಕರೆದುಕೊಂಡು ಹೋದೆ. ಅವನು ಬೀಗ ಒಡೆದು ಕೊಳವೆಯನ್ನು ತಟ್ಟಿದ.

"ಇದನ್ನ ಕತ್ತರಿಸಿದ್ದೂ ನಾನೇ. ಹೋದ ವರ್ಷ ಟಿಪ್ಪರ್ ಗುದ್ದಿ ಬಗ್ಗಿಹೋಗಿತ್ತು. ಬಗ್ಗಿದ್ದನ್ನ ತೆಗೆದು ಮುಚ್ಚಳ ಕೂರಿಸ್ದೆ. ತುಂಡು ಇನ್ನೂ ಶೆಡ್ಡಲ್ಲೇ ಬಿದ್ದಿದೆ."

ಶೆಡ್ಡಿಗೆ ಹೋಗಿ ನೋಡಿದರೆ ತುಂಡಿನ ಅಂಚಿನಲ್ಲಿ ನಾನೇ ಬಳಿದ ಕೆಂಪು ಗುರುತು. ಉದ್ದ ಎಂಬತ್ತು ಸೆಂಟಿಮೀಟರ್. ಹದಿನಾಲ್ಕು ತಿಂಗಳ ಹಿಂದೆ ಕೊಳವೆಯ ಮೇಲೆ ಗುರುತು ಕಾಣದಿದ್ದಾಗ, ಬಿಸಿಲಿಗೆ ಮಾಸಿದೆ ಎಂದುಕೊಂಡು ಹೊಸದಾಗಿ ಬಳಿದಿದ್ದೆ; ಕೊಳವೆ ಗಿಡ್ಡವಾದದ್ದನ್ನು ಗಮನಿಸಿರಲೇ ಇಲ್ಲ. ಆ ತಿಂಗಳು ನೀರು ಇದ್ದಕ್ಕಿದ್ದಂತೆ ಮೇಲೆ ಬಂದದ್ದಕ್ಕೆ ಒಳ್ಳೆಯ ಮಳೆ ಕಾರಣ ಎಂದು ಬರೆದಿದ್ದೆ. ಕೊಳವೆಯ ಬಾಯಿ ಕೆಳಗಿಳಿದರೆ ಟೇಪು ಅಷ್ಟು ಕಡಿಮೆ ಇಳಿಯುತ್ತದೆ. ಇದಕ್ಕೆ ಹತ್ತೊಂಬತ್ತು ವರ್ಷದ ಅನುಭವವೇನೂ ಬೇಡ. ಪ್ರತಿ ಅಂಕಿಗೂ ಎಂಬತ್ತು ಸೇರಿಸಿ ನೋಡಿದೆ. ನೀರು ಹದಿನೆಂಟು ದಾಟಿ ಎಂಟು ತಿಂಗಳಾಗಿತ್ತು.

ಆಫೀಸಿನಲ್ಲಿ ಎಂಜಿನಿಯರ್ ಎಲ್ಲವನ್ನೂ ಕೇಳಿಸಿಕೊಂಡರು.

"ಈ ತಿಂಗಳಿಂದ ಸರಿಯಾಗಿ ಬರೀರಿ. ಆರು ತಿಂಗಳಾದ್ಮೇಲೆ ನಲ್ಲಿ ತಾನಾಗೇ ಬರುತ್ತೆ. ಹಳೇದನ್ನ ಕೆದಕಿದ್ರೆ ನಿಮ್ಮ ತಲೆಗೇ ಬರೋದು. ಅಳತೆ ಕೆಲಸ ಬೇರೆಯವರ ಪಾಲಾಗುತ್ತೆ."

ಒಳ್ಳೆಯ ಮನುಷ್ಯ, ಹೇಳಿದ್ದೂ ನನ್ನ ಒಳ್ಳೆಯದಕ್ಕೇ. ಅವರ ಮನೆಯಲ್ಲಿ ನಲ್ಲಿ ಇದೆ.

ಹದಿನಾಲ್ಕೂ ತಿಂಗಳ ಅಂಕಿಗಳನ್ನು ತಿದ್ದಿದೆ. ಕಾರಣ ಎಂಬಲ್ಲಿ 'ಅಳೆಯುವವನ ತಪ್ಪು' ಎಂದು ಬರೆದು ಸಹಿ ಹಾಕಿದೆ. ಬೀಗದ ಕೈ ಗೊಂಚಲನ್ನು ಅಂದೇ ವಾಪಸ್ಸು ತೆಗೆದುಕೊಂಡರು. ದುಃಖವಾಯಿತು, ಆದರೆ ಆಶ್ಚರ್ಯವಾಗಲಿಲ್ಲ.

ಸಂಜೆ ಅಕ್ಕನಿಗೆ ಎಲ್ಲ ಹೇಳಿದೆ. ಮುಂದಿನ ತಿಂಗಳು ನಲ್ಲಿ ಹಾಕುತ್ತಾರೆ ಎಂದೂ ಹೇಳಿದೆ. ಚೆನ್ನಾಗಿ ಬೈಯಲಿ ಎಂದು ತಲೆ ತಗ್ಗಿಸಿ ಕೂತಿದ್ದೆ. ಅವಳು ಬೈಯಲಿಲ್ಲ. ಅಡುಗೆಮನೆ ಬಾಗಿಲಿಗೆ ಒರಗಿ ನನ್ನನ್ನೇ ನೋಡುತ್ತಾ ನಿಂತಳು.

"ಎಂಟು ತಿಂಗಳಲ್ಲಿ ಎಷ್ಟೊಂದು ಸಲ ಮನೆಗೆ ಬಂದಿದೀಯ. ಟೇಪು ಕೈಯಲ್ಲೇ ಇರ್ತಿತ್ತು. ಒಂದ್ಸಲನಾದ್ರೂ ನನ್ನ ಬಾವಿಗೆ ಬಿಟ್ಟು ನೋಡೋಣ ಅನ್ನಿಸ್ಲಿಲ್ವೇನೋ?"

"ನಿನ್ನ ಬಾವಿ ಅಳೆಯೋ ಪಟ್ಟೀಲಿ ಇರ್ಲಿಲ್ಲ, ಅಕ್ಕ," ಎಂದೆ.